ಬಾಗಿಲಾಚೆ ಯಾರು

"ಹೆಜ್ಜೆ ಸಪ್ಪಳ ಬಾಗಿಲ ಹತ್ತಿರ ಬಂದು ನಿಂತಿತು" ಎಂಬಲ್ಲಿಗೆ ಓದು ನಿಲ್ಲಿಸಿ ಮೇಡಂ ಪುಸ್ತಕ ಮುಚ್ಚಿದರು. "ನೀವೂ ಮುಚ್ಚಿ. ಕಣ್ಣೂ ಮುಚ್ಚಿ. ಮನೇಲಿ ಆ ಹುಡುಗಿ ಒಬ್ಳೇ ಇದ್ದಾಳೆ. ಹೊರಗಡೆ ಯಾರು? ಅವಳ ಮನಸ್ಸಲ್ಲಿ ಏನು ಓಡ್ತಿದೆ? ಅವಳೊಳಗೆ ಕೂತು ಹೇಳಿ."

ಪಾಠವನ್ನು ಬಾಯಿಪಾಠ ಮಾಡಿಸುವ ಬದಲು ಹೀಗೆ ನಡುವೆ ತಡೆದು, ಮಕ್ಕಳ ಮನಸ್ಸು ಕಥೆಯನ್ನು ಹೇಗೆ ಕಟ್ಟಿಕೊಳ್ಳುತ್ತದೆಂದು ನೋಡುವ ಕ್ರಮವನ್ನು ಅವರು ತರಬೇತಿಯಲ್ಲಿ ಕಲಿತು ಬಂದಿದ್ದರು. ಇದೆಲ್ಲ ಕಾಲಹರಣ ಎಂದು ಗೊಣಗುತ್ತಿದ್ದ ಹೆಡ್‌ಮಾಸ್ತರರು ಇಂದು ಪರೀಕ್ಷಿಸಲೆಂದೇ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು. ಬೆಳಗಿನಿಂದ ಮೇಡಂಗೆ ಅವರದೇ ಅಂಜಿಕೆ.

"ಕಳ್ಳ, ಮೇಡಂ."

"ಗಣಿತದ ಸಾರ್. ಹೋಮ್‌ವರ್ಕ್ ಕೇಳೋಕೆ ಮನೆಗೇ ಬಂದಿದ್ದಾರೆ" ಎಂದ ತರಗತಿಯ ಬಾಯಾಳಿ. ಕೊಠಡಿ ಗೊಳ್ಳೆಂದಿತು. ಹೆಡ್‌ಮಾಸ್ತರರ ಮೀಸೆಯಂಚೂ ಅಲುಗಿತು.

ಆಗ, ಎಲ್ಲರೂ ಗುಬ್ಬಿ ಎಂದು ಕರೆಯುವ, ಕೇಳಿದರೂ ಬಾಯಿಬಿಡದ ಹುಡುಗಿ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತಳು.

"ಅಪ್ಪ."

"ಶಾಬಾಸ್. ಅವಳಿಗೆ ಹೇಗೆ ಗೊತ್ತಾಯ್ತು?"

"ಬೀಗದ ಕೈ ಮೊದಲ ಸಲಕ್ಕೇ ಸೇರಿದ್ರೆ ಏನೂ ಇಲ್ಲ. ತಡಕಾಡಿದ್ರೆ ದೀಪ ಆರಿಸ್ಬೇಕು. ತಮ್ಮನ ಬಾಯಿ ಒತ್ತಿ ಹಿಡ್ಕೊಂಡು ಮಂಚದ ಕೆಳಗೆ ಹೋಗ್ಬೇಕು."

ಮೇಡಂ ಹಿಗ್ಗಿಹೋದರು. ಹೆಡ್‌ಮಾಸ್ತರರತ್ತ ಒಮ್ಮೆ ನೋಡಿ, "ನಿಲ್ಲಿಸ್ಬೇಡಮ್ಮ. ಮುಂದೆ?" ಎಂದು ಹುರಿದುಂಬಿಸಿದರು.

"ಜೋರಾಗಿ ಉಸಿರು ಬಿಡ್ಬಾರದು, ಕೇಳುತ್ತೆ. ನಿನ್ನೆ ತಮ್ಮ ಕೆಮ್ಮಿಬಿಟ್ಟ."

ಮೇಡಂ ಸರಸರನೆ ಅವಳ ಬೆಂಚಿನ ಬಳಿಗೆ ನಡೆದರು. "ಸಾಕು, ಕೂತ್ಕೋ ಮಗಳೇ" ಎಂದ ದನಿ ಅವರದಾಗಿ ಕೇಳಲಿಲ್ಲ. ಹುಡುಗಿ ಕಣ್ಣು ತೆರೆದು, ತಾನೆಲ್ಲಿದ್ದೇನೆಂದು ಗುರುತು ಹಿಡಿಯುವವಳಂತೆ ಸುತ್ತ ನೋಡಿದಳು. ಮುಖ ಬಿಳಿಚಿಕೊಂಡಿತು.

ಹೆಡ್‌ಮಾಸ್ತರರು ಚಪ್ಪಾಳೆ ತಟ್ಟುತ್ತ ಮುಂದೆ ಬಂದರು. "ಒಪ್ಪಿದೆ ಮೇಡಂ. ಎಂಥ ಕಲ್ಪನೆ."

"ಸಾರ್" ಎಂದು ಮೇಡಂ ತಗ್ಗಿದ ದನಿಯಲ್ಲಿ ಹೇಳಿದರು. "ಪಾಠದಲ್ಲಿ ತಮ್ಮ ಇಲ್ಲ."

ಚಪ್ಪಾಳೆ ತಟ್ಟುತ್ತಿದ್ದ ಹೆಡ್‌ಮಾಸ್ತರರ ಕೈಗಳು ಹಾಗೇ ನಿಂತವು.

ಗಂಟೆ ಹೊಡೆದು ಮಕ್ಕಳು ಊಟಕ್ಕೆ ಓಡಿದ ಮೇಲೆ ಮೇಡಂ ಗುಬ್ಬಿಯ ಪಕ್ಕದಲ್ಲಿ ಕುಳಿತರು; ಹೆಡ್‌ಮಾಸ್ತರರು ಬಾಗಿಲ ಬಳಿ ನಿಂತರು. "ತಮ್ಮ ಎಲ್ಲಿದ್ದಾನಮ್ಮ?"

"ಅದು ಕಥೆ, ಮೇಡಂ. ಮನೇಲಿ ಹೇಳ್ಬೇಡಿ."

"ಹೇಳಲ್ಲ. ತಮ್ಮ ಎಲ್ಲಿ?"

"ಮನೇಲಿ. ಜ್ವರ." ತುಸು ತಡೆದು ಹೇಳಿದಳು: "ಅಪ್ಪ ಊಟಕ್ಕೆ ಬರೋ ಹೊತ್ತು."

ತಾಯಿ ಸತ್ತ ಮಕ್ಕಳವು ಎಂಬುದು ಇಬ್ಬರು ಹಿರಿಯರಿಗೂ ಗೊತ್ತಿತ್ತು. "ಪೊಲೀಸರಿಗೆ ಫೋನ್ ಮಾಡ್ತೀನಿ, ಅವರು ಬರೋವರೆಗೂ ಇರಿ" ಎಂದು ಹೆಡ್‌ಮಾಸ್ತರರು ಆಫೀಸಿಗೆ ಓಡಿದರು. ಮೇಡಂ ಕಾಯಲಿಲ್ಲ. ಹುಡುಗಿಯ ಕೈ ಹಿಡಿದು, ದೇವರೇ, ಹೊತ್ತು ಮೀರದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಗೇಟು ದಾಟಿದರು.

ಮನೆಯ ಬೀದಿಯ ತಿರುವಿನಲ್ಲಿ ಹುಡುಗಿ ಕೈ ಬಿಡಿಸಿಕೊಂಡಳು. ಬಗ್ಗಿ ತನ್ನ ಎರಡೂ ಚಪ್ಪಲಿ ಕಳಚಿ ಎದೆಗೊತ್ತಿಕೊಂಡು, ಸದ್ದಿಲ್ಲದೆ ಮುಂದೆ ನಡೆದಳು.

ಮೇಡಂ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ತಾವೂ ಬಗ್ಗಿ ಚಪ್ಪಲಿ ಕಳಚಿದರು.