ಅಗ್ನಿತತ್ವದ ಪಾಳಿ

ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಹಾಸಿಗೆ ಬಟ್ಟೆ ಒಡ್ಡುತ್ತಿದ್ದ ಹೆಂಗಸಿನ ಬಲಗೈ ಬಟ್ಟೆಯ ಜೊತೆಗೇ ಒಳಗೆ ಹೋಗಿ ಮಣಿಕಟ್ಟಿನವರೆಗೆ ಬೆಂದಿತು. ತಪ್ಪು ಅವಳ ರಾಶಿಯದು ಎಂದು ಲಾಂಡ್ರಿಯ ಆಡಳಿತದವರು ತೀರ್ಮಾನಿಸಿದರು.

ಚಿಕ್ಕ ಯಜಮಾನ ಈ ತೀರ್ಮಾನವನ್ನು ತನ್ನ ಕೋಣೆಯಲ್ಲಿ ತಿಳಿಸುತ್ತಿದ್ದಾಗ ಮೇಜಿನ ಈಚೆ ನಿಂತಿದ್ದವಳು ತಕ್ಕಡಿ. ಅದು ಅವಳ ಹೆಸರಲ್ಲ. ತುಲಾ ರಾಶಿಯವಳೆಂದು ಅವಳನ್ನು ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಿದ ದಿನ ಒಗೆಯುವ ಕಡೆಯವರು ಹೊಟ್ಟೆಯುರಿಗೆ ಕರೆದದ್ದು ಹಾಗೇ ಅಂಟಿಕೊಂಡಿತ್ತು. ಚಿಕ್ಕ ಯಜಮಾನನ ಬೆನ್ನ ಹಿಂದೆ ಗೋಡೆಯ ತುಂಬ ಒಂದು ಚಕ್ರ. ಅದರಲ್ಲಿ ಹನ್ನೆರಡು ಮನೆ, ನಾಲ್ಕು ಬಣ್ಣ. ಅವನು ಗದರುತ್ತಿರಲಿಲ್ಲ. ನಿಜವಾಗಿ ನೊಂದವನ ಹಾಗೆ, ಮಲಗಿಸಿದ ಮಗು ಎದ್ದೀತೆಂಬ ದನಿಯಲ್ಲಿ ಮಾತಾಡುತ್ತಿದ್ದ.

"ಅವಳು ನಮಗೆ ಮೋಸ ಮಾಡಿದ್ಲು ಕಣಮ್ಮ. ನೀರಿನ ರಾಶಿಯವಳು ಬೆಂಕಿ ಅಂತ ಹೇಳ್ಕೊಂಡು ಬಂದು ನಿಂತ್ರೆ ಉರುಳೆ ಏನು ಮಾಡುತ್ತೆ?"

ಮಾರನೆಯ ದಿನ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವವನಿದ್ದ. ಗಾಯಗೊಂಡವಳು ತನ್ನದು ಸಿಂಹ ರಾಶಿ ಎಂದು ತಾನೇ ಹೇಳಿ, ಉರುಳೆಯ ಮುಂದಿನ ಜಾಗವನ್ನು ತಾನೇ ಕೇಳಿ ಪಡೆದಳು ಎಂದು ಅವನ ಮುಂದೆ ತಕ್ಕಡಿ ಹೇಳಬೇಕು. ಹಾಗೆ ಹೇಳಿದರೆ ಆಸ್ಪತ್ರೆಯ ಖರ್ಚಾಗಲಿ, ಕೈಗೆ ಪರಿಹಾರವಾಗಲಿ, ವಾಸಿಯಾದ ಮೇಲೆ ಕೂತು ಮಾಡುವಂಥ ಒಂದು ಕೆಲಸವಾಗಲಿ ಲಾಂಡ್ರಿಯವರ ತಲೆಗೆ ಬರುವುದಿಲ್ಲ. ಇದನ್ನು ಚಿಕ್ಕ ಯಜಮಾನ ಬಾಯಿಬಿಟ್ಟು ಹೇಳಲಿಲ್ಲ. ಬಾಗಿಲ ಹತ್ತಿರ ಕಾದಿದ್ದ ಮೇಸ್ತ್ರಿ, ಅವಳು ಹೊರಗೆ ಬಂದ ಮೇಲೆ ಬಿಡಿಸಿ ಹೇಳಿದ. ಜೊತೆಗೆ, ಕುರ್ಚಿ ಇರುವುದು ಒಂದೇ, ಅದರ ಮೇಲೆ ಕಣ್ಣಿಟ್ಟವರು ಬೇಕಾದಷ್ಟಿದ್ದಾರೆ ಎಂಬುದನ್ನೂ ಸೇರಿಸಿದ.

ತಕ್ಕಡಿಯನ್ನೇ ಕರೆದದ್ದಕ್ಕೆ ಕಾರಣವಿತ್ತು. ರಾಶಿ ವಿಂಗಡಿಸಿದ ದಿನ ಸಾಲಿನಲ್ಲಿ ಅವಳ ಪಕ್ಕ ನಿಂತಿದ್ದವಳು ಈ ಗಾಯಗೊಂಡವಳು, ಎಲ್ಲರ ಬಾಯಲ್ಲಿ ಜೋರಕ್ಕ. ಯಂತ್ರಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಜೋರಕ್ಕನ ಕಿವಿ ಮಂದವಾಗಿತ್ತು. ತನಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸದೆಂದು ಅವಳು ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದಳು. ಯಾರೇ ಏನೇ ಕೇಳಿದರೂ ಅದನ್ನು ಅವಳ ಕಿವಿಯ ಹತ್ತಿರ ಮತ್ತೆ ಹೇಳುವುದು ತಕ್ಕಡಿಯ ಪಾಲಿನ ಕೆಲಸ. ಅಂದು ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎರಡೂ ಅವಳ ಮೂಲಕವೇ ದಾಟಿದ್ದವು.

ಅಂದು ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ಚಿಕ್ಕ ಯಜಮಾನ ಕರೆಸಿದ್ದ ಸಲಹೆಗಾರನೆಂಬ ಮನುಷ್ಯ ಭಾಷಣ ಮಾಡಿದ್ದ. ಮೆತ್ತನೆಯ ಕೈ, ಮೆತ್ತನೆಯ ಚಪ್ಪಲಿ. ಆಕಾಶವೇ ಹನ್ನೆರಡು ರಾಶಿಗಳನ್ನು ವಿಂಗಡಿಸಿಟ್ಟಿದೆ, ನಾವು ಅದನ್ನು ಪಾಲಿಸಿದರೆ ಸಾಕು ಅಂದ. ಮೇಷ, ಸಿಂಹ, ಧನು ಬೆಂಕಿ; ಅವರಿಗೆ ಇಸ್ತ್ರಿಯ ಉರುಳೆ. ಕರ್ಕಾಟಕ, ವೃಶ್ಚಿಕ, ಮೀನ ನೀರು. ಅವರಿಗೆ ಒಗೆಯುವ ತೊಟ್ಟಿ. ಮಿಥುನ, ತುಲಾ, ಕುಂಭ ಗಾಳಿ. ಅವರಿಗೆ ಒಣಗಿಸುವ ಡ್ರಮ್ಮು. ಉಳಿದ ವೃಷಭ, ಕನ್ಯಾ, ಮಕರ ಮಣ್ಣು. ಆಸ್ಪತ್ರೆ, ಹೋಟೆಲುಗಳಿಂದ ಬರುವ ಕೊಳಕು ಗಂಟುಗಳನ್ನು ಬಿಚ್ಚಿ, ರಕ್ತದ್ದು, ವಾಂತಿಯದ್ದು, ಎಣ್ಣೆಯದ್ದು ಎಂದು ಬೇರೆ ಮಾಡುವುದು ಅವರ ಪಾಲಿಗೆ. ಮಣ್ಣಿಗೆ ತಾಳ್ಮೆ ಜಾಸ್ತಿ ಎಂದು ಸಲಹೆಗಾರ ನಕ್ಕ. ಮಣ್ಣಿನವರು ನಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಇದೇ ಹನ್ನೆರಡನ್ನು ಇನ್ನೊಂದು ಬಗೆಯಲ್ಲಿ ಚರ, ಸ್ಥಿರ, ದ್ವಿಸ್ವಭಾವ ಎಂದು ಮೂರು ಪಾಲು ಮಾಡಬಹುದಂತೆ. ಚರ ರಾಶಿಯವರು ಚಲಿಸುವವರು, ಆದ್ದರಿಂದ ಗಾಡಿ ತಳ್ಳಬೇಕು. ಸ್ಥಿರ ರಾಶಿಯವರು ಕದಲದವರು, ಆದ್ದರಿಂದ ಒಂದೇ ಯಂತ್ರದ ಮುಂದೆ ಪಾಳಿ ಮುಗಿಯುವ ತನಕ ನಿಲ್ಲಬೇಕು. ದ್ವಿಸ್ವಭಾವದವರಲ್ಲಿ ಇಬ್ಬರ ಗುಣ ಇರುವುದರಿಂದ ಅವರು ಇಬ್ಬರ ಕೆಲಸ ಮಾಡಬೇಕು. ಸಂಬಳದ ವಿಷಯದಲ್ಲಿ ಅವರು ಒಬ್ಬರೇನಾ ಇಬ್ಬರಾ ಎಂದು ಸಾಲಿನ ಹಿಂದಿನಿಂದ ಜೋರಕ್ಕ ಕೇಳಿದ್ದಳು. ಮೆಲ್ಲಗೇ ಕೇಳಿದೆ ಅಂದುಕೊಂಡಿದ್ದಳು. ಇಡೀ ಅಂಗಳಕ್ಕೆ ಕೇಳಿಸಿತು.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಹುಟ್ಟಿದ ತಾರೀಕು ಕೇಳಿದಾಗ ಸಲಹೆಗಾರನಿಗೇ ಕಣ್ಣು ಕತ್ತಲೆ ಬಂದಿರಬೇಕು. ಅರ್ಧಕ್ಕರ್ಧ ಜನ ಒಂದೇ ತಾರೀಕು ಹೇಳಿದರು. ಅದು ಪ್ರತಿ ವರ್ಷ ಶಾಲೆ ತೆರೆಯುವ ದಿನ, ಜೂನ್ ಒಂದು. ಮಕ್ಕಳು ಯಾವಾಗ ಹುಟ್ಟಿದವೆಂದು ಹೆತ್ತವರಿಗೆ ನೆನಪಿಲ್ಲದಾಗ ಮೇಷ್ಟ್ರು ಆ ದಿನವನ್ನೇ ಗೀಚಿ ಒಳಗೆ ಕೂರಿಸುತ್ತಿದ್ದರು. ಮೇಷ್ಟ್ರ ಆ ಅವಸರದಿಂದಾಗಿ ಅರ್ಧ ಲಾಂಡ್ರಿ ಮಿಥುನವಾಯಿತು. ಮಿಥುನ ದ್ವಿಸ್ವಭಾವ. ಅರ್ಧ ಲಾಂಡ್ರಿ ಅಂದಿನಿಂದ ಎರಡೆರಡು ಕೆಲಸ ಮಾಡತೊಡಗಿತು. ಶಾಸ್ತ್ರ ಎಷ್ಟು ಕರಾರುವಾಕ್ಕಾಗಿದೆ ನೋಡಿ ಎಂದು ಚಿಕ್ಕ ಯಜಮಾನ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದನಂತೆ.

ತಕ್ಕಡಿಯ ತಾರೀಕೂ ಅಂಥದ್ದೇ. ಅವಳನ್ನು ಶಾಲೆಗೆ ಸೇರಿಸಿದ್ದು ತಡವಾಗಿ. ಸೇರಿಸಿದ ದಿನವನ್ನೇ ಮೇಷ್ಟ್ರು ಬರೆದುಕೊಂಡದ್ದರಿಂದ ಅದು ತುಲಾ ರಾಶಿಗೆ ಬಂದು ಬಿತ್ತು. ತುಲಾ ಚರ ರಾಶಿ. ಲೆಕ್ಕದ ಪ್ರಕಾರ ಅವಳು ಗಾಡಿ ತಳ್ಳಬೇಕಿತ್ತು. ಆದರೆ ತಕ್ಕಡಿ ಇರುವುದು ತೂಗಿ ನೋಡುವುದಕ್ಕೆ ಎಂಬುದು ಸಲಹೆಗಾರನಿಗೆ ಆ ಗಳಿಗೆಯಲ್ಲಿ ಹೊಳೆದು, ಒಗೆದ ಬಟ್ಟೆಯಲ್ಲಿ ಕಲೆ ಉಳಿದಿದೆಯೇ ಎಂದು ಪರೀಕ್ಷಿಸುವ ಮೇಜಿಗೆ ಅವಳನ್ನು ಹಾಕಿದ. ಮೇಜಿಗೆ ಕುರ್ಚಿಯಿತ್ತು, ಪಕ್ಕದಲ್ಲಿ ಕಿಟಕಿಯಿತ್ತು. ಕಾಲಿನ ನರಗಳು ಉಬ್ಬಿ ಹಗ್ಗದ ಹಾಗೆ ಆಗಿದ್ದ ಹೆಂಗಸು ಶಾಸ್ತ್ರದ ಜೊತೆ ಜಗಳಕ್ಕೆ ಹೋಗಲಿಲ್ಲ.

ಜೋರಕ್ಕನಿಗೆ ತಾರೀಕೇ ಇರಲಿಲ್ಲ. ಶಾಲೆಯ ಬಾಗಿಲನ್ನೂ ಅವಳು ಕಂಡವಳಲ್ಲ. ತಾನು ಹುಟ್ಟಿದಾಗ ಅಪ್ಪ ಎಲ್ಲೋ ಬಾವಿ ತೋಡುತ್ತಿದ್ದನೆಂದು ಅವ್ವ ಹೇಳುತ್ತಿದ್ದಳು, ಅಷ್ಟೇ ಗೊತ್ತು ಅಂದಳು. ಸಲಹೆಗಾರ ಮೇಸ್ತ್ರಿಯ ಕಡೆ ತಿರುಗಿ, ಈಕೆಯ ಸ್ವಭಾವ ಹೇಗೆ ಎಂದ. "ಬಾಯಿ ಬಹಳ ಜೋರು ಸಾರ್" ಎಂದ ಮೇಸ್ತ್ರಿ. ಸಲಹೆಗಾರ ಅವಳ ಮುಖವನ್ನು ಒಂದಿಷ್ಟು ಹೊತ್ತು ನೋಡಿ ಸಿಂಹ ಅಂದ. ಸಿಂಹ ಬೆಂಕಿ, ಬೆಂಕಿಯಲ್ಲೂ ಸ್ಥಿರ.

ಉರುಳೆಯ ಮುಂದೆ ಯಾರೂ ಸ್ಥಿರವಾಗಿ ನಿಂತದ್ದು ಅದಕ್ಕೆ ಮುಂಚೆ ಇರಲಿಲ್ಲ. ಹಳೆಯ ಹೆಂಗಸರು ತಾವೇ ಒಂದು ಸರದಿ ಮಾಡಿಕೊಂಡಿದ್ದರು. ಒಬ್ಬಳ ಬೆನ್ನು ಬೆವರಿಗೆ ಪೂರ್ತಿ ಒದ್ದೆಯಾದಾಗ ಇನ್ನೊಬ್ಬಳು ಬಂದು ಭುಜ ಮುಟ್ಟುವಳು, ಮೊದಲಿನವಳು ಮಡಚುವ ಕಡೆಗೆ ಹೋಗಿ ಉಸಿರು ಬಿಡುವಳು. ಸ್ಥಿರ ರಾಶಿಯ ಭುಜ ಮುಟ್ಟುವವರಿಲ್ಲ. ಬೆಳಗಿನಿಂದ ಸಂಜೆಯ ತನಕ ಒದ್ದೆ ಬಟ್ಟೆ ಕೊಡವುವುದು, ಎರಡು ತುದಿ ಹಿಡಿದು ಉರುಳೆಗೆ ಒಡ್ಡುವುದು, ಮುಖಕ್ಕೆ ಹಬೆ. ನೀರು ಕುಡಿಯಬೇಕಾದರೆ ಮೇಸ್ತ್ರಿಯನ್ನು ಕೇಳಬೇಕು. ಕುಡಿದರೆ ಮತ್ತೊಂದಕ್ಕೂ ಕೇಳಬೇಕು. ಹಾಗಾಗಿ ಜೋರಕ್ಕ ನೀರು ಕುಡಿಯುವುದನ್ನೇ ಬಿಟ್ಟಳು.

ಕೈ ಹೋದದ್ದು ಪಾಳಿಯ ಕೊನೆಯಲ್ಲಿ. ಬಟ್ಟೆಯ ಅಂಚು ಮಡಚಿಕೊಂಡಿತು, ಬಿಡಿಸಲು ಕೈ ಚಾಚಿದಳು, ಹಿಂದೆ ತೆಗೆಯುವಷ್ಟು ಎಚ್ಚರ ಆ ಹೊತ್ತಿಗೆ ಮೈಯಲ್ಲಿ ಉಳಿದಿರಲಿಲ್ಲ. ಅವಳ ಕೂಗು ಎಲ್ಲರಿಗೂ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಜೋರಕ್ಕ ಯಾವಾಗಲೂ ಕೂಗುವವಳೇ. ತಕ್ಕಡಿ ಕೂಡ ಕಿಟಕಿಯ ಬೆಳಕಿಗೆ ಹಿಡಿದಿದ್ದ ದಿಂಬಿನ ಚೀಲದಲ್ಲಿ ಕಲೆ ಹುಡುಕುವುದನ್ನು ಮುಂದುವರಿಸಿದ್ದಳು. ವಾಸನೆ ಬಂದ ಮೇಲೆ ಎದ್ದಳು.

ಚಿಕ್ಕ ಯಜಮಾನನ ಕೋಣೆಯಿಂದ ಹೊರಬಿದ್ದವಳು ಸಂಜೆ ನೇರ ಆಸ್ಪತ್ರೆಗೆ ಹೋದಳು. ಜೋರಕ್ಕನ ಕೈಗೆ ಒಂದು ಹಸುಗೂಸಿನ ಗಾತ್ರದ ಬ್ಯಾಂಡೇಜು ಸುತ್ತಿ ದಿಂಬಿನ ಮೇಲಿಟ್ಟಿದ್ದರು. ಆಸ್ಪತ್ರೆಯ ಹಾಸಿಗೆ ಬಟ್ಟೆ ಅವರ ಲಾಂಡ್ರಿಯದೇ. ಜೋರಕ್ಕ ಅದರ ಅಂಚನ್ನು ಎಡಗೈಯಲ್ಲಿ ಹಿಡಿದು ತೋರಿಸಿದಳು.

"ನೋಡೇ ಇದರ ಮಡಿಕೆ, ಹಾವು ಹರಿದ ಹಾಗಿದೆ. ಯಾವ ಗಾಳಿ ರಾಶಿಯವಳು ಮಡಚಿದ್ಲು ಇದನ್ನ?"

ಸುತ್ತಲಿನ ಹಾಸಿಗೆಗಳಿಂದ ಜನ ತಿರುಗಿ ನೋಡಿದರು. ತಕ್ಕಡಿ ಅವಳ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಮಾತಾಡು ಅಂದಳು. ಮೂರು ಬೆರಳು ಉಳಿಯುವುದಿಲ್ಲವೆಂದು ಬೆಳಿಗ್ಗೆ ಡಾಕ್ಟರು ಹೇಳಿ ಹೋಗಿದ್ದರಂತೆ. ಹೋಗಲಿ ಬಿಡು, ಸಿಂಹಕ್ಕೆ ಇನ್ನೂ ಮೂರು ಪಂಜ ಇದೆ ಎಂದು ಜೋರಕ್ಕ ನಕ್ಕಳು. ನಗು ಅರ್ಧದಲ್ಲಿ ಬೇರೇನೋ ಆಯಿತು. ಆಮೇಲೆ ಕೇಳಿದಳು:

"ನಾಳೆ ನಿನ್ನನ್ನ ಕೇಳ್ತಾರಂತಲ್ಲ. ಏನಂತ ಹೇಳು ಅಂದಿದ್ದಾರೆ?"

ತಕ್ಕಡಿ ಹೇಳಿದಳು. ಜೋರಕ್ಕನಿಗೆ ಒಂದೇ ಸಲಕ್ಕೆ ಕೇಳಿಸಿತು. ಅವಳು ಹಾಸಿಗೆ ಬಟ್ಟೆಯ ಅಂಚನ್ನು ಕೈಬಿಟ್ಟು, ನಿನ್ನ ಕಾಲು ಹೇಗಿದೆ ಎಂದು ವಿಚಾರಿಸಿದಳು. ಕುರ್ಚಿ ಬಂದ ಮೇಲೆ ಊತ ಇಳಿದಿದೆ ಅಂದಳು ತಕ್ಕಡಿ. ಒಳ್ಳೆಯದಾಯಿತು ಎಂದು ಜೋರಕ್ಕ ಮಗ್ಗುಲು ತಿರುಗಿದಳು. ಆ 'ಒಳ್ಳೆಯದಾಯಿತು' ಮಾತ್ರ ಮೆಲ್ಲಗಿತ್ತು.

ಮನೆಯಲ್ಲಿ ಗಂಡ, ಊರ ಉಸಾಬರಿ ನಿನಗ್ಯಾಕೆ ಅಂದ. ಹೇಳು ಅಂದದ್ದನ್ನು ಹೇಳಿ ಬಾ, ಅವಳ ಕೈಯೇನು ನಿನ್ನ ಮಾತಿನಿಂದ ಮತ್ತೆ ಬೆಳೆಯುತ್ತದೆಯೇ ಅಂದ. ಅವನು ಕೆಟ್ಟವನಲ್ಲ, ದಿನಾ ಹೆಂಡತಿಯ ಕಾಲಿಗೆ ಎಣ್ಣೆ ತಿಕ್ಕುವವನು. ಈಗಲೂ ತಿಕ್ಕುತ್ತಲೇ ಹೇಳಿದ. ಅವಳು ಕಾಲನ್ನು ಎಳೆದುಕೊಂಡಳು.

ವಿಚಾರಣೆ ನಡೆದದ್ದು ಇಸ್ತ್ರಿಯ ವಿಭಾಗದಲ್ಲೇ. ಅಧಿಕಾರಿ ವಯಸ್ಸಾದವನು, ಶೀತವಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದ. ಅವನ ಎಡಕ್ಕೆ ಚಿಕ್ಕ ಯಜಮಾನ, ಬಲಕ್ಕೆ ಸಲಹೆಗಾರ, ಹಿಂದೆ ಮೇಸ್ತ್ರಿ. ಮಾತು ಕೇಳಿಸಲೆಂದು ಡ್ರಮ್ಮುಗಳನ್ನು ನಿಲ್ಲಿಸಿದ್ದರು. ಆರಿದರೆ ಮತ್ತೆ ಕಾಯಿಸಲು ಹೊತ್ತು ಹಿಡಿಯುತ್ತದೆಂದು ಉರುಳೆಯನ್ನು ಮಾತ್ರ ನಿಲ್ಲಿಸಿರಲಿಲ್ಲ.

ಆ ಜಾಗವನ್ನು ಆಕೆಯೇ ಕೇಳಿ ತೆಗೆದುಕೊಂಡಳೇ ಎಂದು ಅಧಿಕಾರಿ ಕೇಳಿದ. ಇಲ್ಲ ಅಂದಳು ತಕ್ಕಡಿ. ಸಿಂಹ ಎಂದು ಆಕೆಯೇ ಹೇಳಿದಳೇ? ಅದಕ್ಕೂ ಇಲ್ಲ. ಮತ್ತೆ ಯಾರು ಹೇಳಿದರೆಂದಾಗ ಅವಳು ಸಲಹೆಗಾರನ ಕಡೆ ಕೈ ತೋರಿಸಿದಳು.

"ಇವ್ರು ಮುಖ ನೋಡಿ ಹೇಳಿದ್ರು. ಅವಳ ಕಿವಿಗೆ ಅದನ್ನ ಮುಟ್ಟಿಸಿದ್ದು ನಾನು. ಮೊದಲು ಇಲ್ಲಿ ಸರದಿ ಇತ್ತು ಸಾರ್, ಒಬ್ಬರಿಗೆ ಸಾಕಾದ್ರೆ ಇನ್ನೊಬ್ಬರು ಬರ್ತಿದ್ವಿ. ಸ್ಥಿರ ರಾಶಿ ಅಂತ ಅದನ್ನ ನಿಲ್ಲಿಸಿದ್ರು. ಕೈ ಹೋಗಿದ್ದು ಅದಕ್ಕೆ."

ಚಿಕ್ಕ ಯಜಮಾನ ನಡುವೆ ಬಾಯಿ ಹಾಕಿ, ಅವಳು ನಿಜವಾದ ಹುಟ್ಟು ಮುಚ್ಚಿಟ್ಟಿದ್ದಳು ಅಂದ. ತಕ್ಕಡಿ ಅವನ ಮುಖ ನೋಡದೆ ಅಧಿಕಾರಿಗೇ ಉತ್ತರ ಕೊಟ್ಟಳು. ನಿಜವಾದ ಹುಟ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ; ಅವಳು ಗೊತ್ತಿಲ್ಲ ಅಂದಳು, ನಾವು ಮೇಷ್ಟ್ರು ಬರೆದದ್ದನ್ನು ಹೇಳಿದೆವು; ತನ್ನ ತುಲಾ ಕೂಡ ಶಾಲೆಗೆ ಸೇರಿದ ದಿನದ್ದೇ ಎಂದಳು. ಅಧಿಕಾರಿ ಮೂಗು ಒರೆಸಿಕೊಂಡ. ಯಾವ ರಾಶಿಯನ್ನೂ ಅವನು ಬರೆದುಕೊಳ್ಳಲಿಲ್ಲ. ಸರದಿ ಎಂಬುದನ್ನು ಬರೆದುಕೊಂಡ ಹಾಗೆ ಕಂಡಿತು. ಸುದ್ದಿ ಕಳಿಸುತ್ತೇವೆ ಎಂದು ಹೇಳಿ ಹೊರಟುಹೋದ. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವನ ಮುಖದಿಂದ ತಿಳಿಯುವಂತಿರಲಿಲ್ಲ.

ಕಾರಿನ ಸದ್ದು ಗೇಟು ದಾಟಿದ ಮೇಲೂ ತಕ್ಕಡಿಯ ಹಿಂದೆ ಗುಂಪುಗೂಡಿದ್ದ ಹೆಂಗಸರು ಕೆಲಸಕ್ಕೆ ಮರಳಲಿಲ್ಲ. ಚಿಕ್ಕ ಯಜಮಾನ ಮತ್ತು ಸಲಹೆಗಾರ ಒಂದಿಷ್ಟು ಹೊತ್ತು ಪಿಸುಗುಟ್ಟಿಕೊಂಡರು. ಆಮೇಲೆ ಚಿಕ್ಕ ಯಜಮಾನ ಅದೇ ನೊಂದ ದನಿಯಲ್ಲಿ ಹೇಳಿದ.

"ನಿನ್ನ ತಾರೀಕು ಸುಳ್ಳು ಅಂತ ನೀನೇ ಒಪ್ಕೊಂಡೆ. ಹಾಗಾದ್ರೆ ನೀನು ತುಲಾ ಅಲ್ಲ. ಯಜಮಾನನ ಎದುರೇ ಹೀಗೆ ಮಾತಾಡೋ ಧೈರ್ಯ ಸಿಂಹಕ್ಕೆ ಮಾತ್ರ ಇರುತ್ತಂತೆ. ಇವರೂ ಅದನ್ನೇ ಹೇಳ್ತಾರೆ. ಹೋಗು, ಉರುಳೆ ಹತ್ರ ನಿಲ್ಲು."

ಸಲಹೆಗಾರ ತಲೆಯಾಡಿಸಿದ. ಮೇಸ್ತ್ರಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಗಾಡಿಯಲ್ಲಿ ಒದ್ದೆ ಬಟ್ಟೆಗಳ ಗುಡ್ಡೆ, ಅದರ ಕೆಳಗೆ ನೆಲದ ಮೇಲೆ ನೀರು ನಿಧಾನವಾಗಿ ಹರಡುತ್ತಿತ್ತು.

"ನಿಲ್ಲಲ್ಲ" ಅಂದಳು ಅವಳು.

ಮೇಸ್ತ್ರಿ, ಹೋಗೇ, ಹೋಗು, ಆಮೇಲೆ ನೋಡೋಣ ಎಂದು ಗೊಣಗಿದ. ಅವಳು ಹೋಗಲಿಲ್ಲ. ಹಾಗಾದರೆ ನೀನು ನಿಲ್ಲು ಎಂಬ ಹಾಗೆ ಅವನು ಅವಳ ಹಿಂದಿದ್ದ ಹೆಂಗಸರಲ್ಲಿ ಒಬ್ಬಳ ಕಡೆ ನೋಡಿದ. ಆಕೆ ಬಗ್ಗಿ ತನ್ನ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳತೊಡಗಿದಳು. ಸರಿ ಮಾಡಿಯಾದ ಮೇಲೂ ಏಳಲಿಲ್ಲ. ಎದುರಿಗೆ ಉರುಳೆ ಬರಿದೇ ತಿರುಗುತ್ತಿತ್ತು. ಒಡ್ಡಿದ ಬಟ್ಟೆ ಇಲ್ಲದ್ದರಿಂದ ಅದರಿಂದ ಹಬೆಯೂ ಏಳುತ್ತಿರಲಿಲ್ಲ.