ಬಿಟ್ಟಿ ಸಿಕ್ಕಿದ್ದೆಲ್ಲ ಮುಕ್ತವಲ್ಲ

"ರೀ, ಸ್ವಲ್ಪ ಇಲ್ಲಿ ಬನ್ನಿ. ಇಪ್ಪತ್ತೈದು ಮಿಲಿ ಅಂತಿದೆ ಇದು. ಒಂದೇ ಸಲಕ್ಕೆ ಕಾಲು ಬಾಟಲಿ ಔಷಧಿ ಕುಡೀಬೇಕಾ ನಾನು?"

ಹೆಂಡತಿಯ ಕೂಗಿಗೆ ಗಡಿಯಾರ ರಿಪೇರಿಯವರು ಎದ್ದು ಬಂದು, ಡಾಕ್ಟರು ಇಮೇಲಿನಲ್ಲಿ ಕಳಿಸಿದ್ದ ಚೀಟಿ ನೋಡಿದರು. ಅಲ್ಲಿದ್ದದ್ದು 2.5. ಅದನ್ನು ಓದಿ ಹೇಳಿದ ಕಂಪ್ಯೂಟರಿನ ದನಿ ನಡುವಿನ ಚುಕ್ಕಿಯನ್ನೇ ನುಂಗಿಬಿಟ್ಟಿತ್ತು. 

ಹೆಂಡತಿಗೆ ಕಣ್ಣು ಮಂಜಾದ ಮೇಲೆ ಮನೆಯ ಓದೆಲ್ಲ ಆ ಕಂಪ್ಯೂಟರಿನದೇ. ಅದರ ಸಾಫ್ಟ್‌ವೇರ್ ಕಟ್ಟನ್ನು ಸಿದ್ಧಪಡಿಸಿದ್ದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದ ಸ್ವಯಂಸೇವಕರ ಗುಂಪು. ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್‌ಗಳನ್ನು ಒಟ್ಟುಮಾಡಿ ಹಂಚುವುದು ಅವರ ಕೆಲಸ. ರಿಪೇರಿಯವರೂ ಆ ಗುಂಪಿನವರೇ. ಇಂಪಾದ ಆ ದನಿಯನ್ನು ಹುಡುಕಿ ಕಟ್ಟಿಗೆ ಸೇರಿಸಿದ್ದೂ ಅವರೇ!

ಭಾನುವಾರ ಉಳಿದವರು ಬರುವ ಮೊದಲೇ ಗ್ರಂಥಾಲಯಕ್ಕೆ ಹೋಗಿ ತಂಗಿಯ ಮಗಳ ಎದುರು ಕೂತರು. ಅವಳು ಗಣಿತದ ಟೀಚರು. ಗುಂಪಿನಲ್ಲಿ ಇಂಥದ್ದನ್ನೆಲ್ಲ ಬಲು ತಿಳಿದವಳು.

"ಆ ಚುಕ್ಕಿ ಸರಿಮಾಡಿಬಿಡಮ್ಮ. ಐದು ನಿಮಿಷದ ಕೆಲಸ."

"ಆಗಲ್ಲ ಮಾವ. ಅದರ ಸೋರ್ಸ್ ಕೋಡ್, ಅಂದ್ರೆ ಒಳಗೆ ಬರೆದಿರೋ ಮೂಲ ಸಾಲುಗಳನ್ನ, ಅದನ್ನ ಮಾಡಿದ ಕಂಪನಿಯವರು ಕೊಟ್ಟಿಲ್ಲ. ಒಳಗೆ ಕೈ ಹಾಕೋ ಹಾಗೇ ಇಲ್ಲ. ನೀವು ಫೋನ್ ಮಾಡಿದ ದಿನವೇ ಅವರಿಗೆ ಬರೆದೆ. ಹಳೇದು, ಇನ್ನು ತಿದ್ದಲ್ಲ ಅಂದ್ರು."

"ಬಿಟ್ಟಿ ಕೊಟ್ಟಿದ್ರಲ್ಲ? ಕೊಟ್ಟ ಮೇಲೆ ನಮ್ದೇ ಅಲ್ವಾ?"

"ಎಲ್ಲರೂ ಎಡವೋದು ಅಲ್ಲೇ. ದುಡ್ಡು ಕೇಳಲಿಲ್ಲ ಅಂದ್ರೆ ಬಿಟ್ಟಿ, ಅಷ್ಟೆ. ಯಾರು ಬೇಕಾದ್ರೂ ಬಳಸಬಹುದು, ಒಳಗೆ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನ ಹಂಚಲೂಬಹುದು ಅಂದ್ರೆ ಮಾತ್ರ ಮುಕ್ತ. ಈ ದನೀನ ಇದ್ದ ಹಾಗೇ ಹಂಚಬಹುದು, ಮನೇಲಿ ಬಳಸಬಹುದು. ಶಾಲೇಲಿ ಬಳಸೋ ಹಾಗಿಲ್ಲ ಅಂತ ಅವರ ಷರತ್ತಿದೆ. ಅಂಧರ ಶಾಲೆಯವರು ನಮ್ಮನ್ನ ನಂಬಿ ಮೂವತ್ತು ಕಂಪ್ಯೂಟರಿಗೆ ಹಾಕ್ಕೊಂಡಿದ್ದಾರೆ."

ರಿಪೇರಿಯವರ ಮುಖ ಸಣ್ಣಗಾಯಿತು. ಆದರೂ ಹಟ ಬಿಡಲಿಲ್ಲ. "ಹಾಗಂತ ಕಿತ್ತು ಬಿಸಾಡೋದಾ?"

"ಬಿಸಾಡೋದು ಬೇಡ, ಬೇರೆ ಇಡೋಣ. ಮುಖ್ಯ ಕಟ್ಟಿನಲ್ಲಿ ಮುಕ್ತವಾದದ್ದು ಮಾತ್ರ ಇರಲಿ, ಉಳಿದದ್ದರ ಸಹಾಯ ಇಲ್ಲದೇನೇ ಅದು ನಡೀಲಿ. ಇಂಥವು ಪಕ್ಕಕ್ಕೆ. ಷರತ್ತು ಏನು ಅಂತ ಬರೆದಿಟ್ರೆ ಬೇಕಾದವರು ತಿಳಿದೇ ತಗೋತಾರೆ."

ಅವತ್ತು ಗುಂಪಿನವರೆಲ್ಲ ಕೂತು ಒಂದೊಂದರ ಲೈಸೆನ್ಸನ್ನೂ, ಅಂದರೆ ಬಳಕೆಯ ಷರತ್ತುಗಳನ್ನೂ, ಓದಿದರು. ರಿಪೇರಿಯವರು ಆಕಳಿಸಿದರೇ ಹೊರತು ಎದ್ದು ಹೋಗಲಿಲ್ಲ. ದನಿಯ ಜೊತೆಗೆ ಒಂದು ನಿಘಂಟು, ಅವರ ಮೆಚ್ಚಿನ ಫಾಂಟ್ ಒಂದು ಪಕ್ಕಕ್ಕೆ ಹೋದವು. ಅಂಧರ ಶಾಲೆಗೆ ಫೋನ್ ಮಾಡಿ, "ತಪ್ಪು ನನ್ನದೇ" ಎಂದವರೂ ಅವರೇ.

ಮುಕ್ತವಾದ ಇನ್ನೊಂದು ದನಿಯಿತ್ತು. ಅದೂ ಚುಕ್ಕಿ ನುಂಗುತ್ತಿತ್ತು. ಆದರೆ ಅದರ ಒಳಗು ತೆರೆದಿತ್ತಲ್ಲ, ಗುಂಪಿನಲ್ಲಿದ್ದ ಬಸ್ ಕಂಡಕ್ಟರು ನಾಲ್ಕೇ ದಿನದಲ್ಲಿ ತಿದ್ದಿಕೊಟ್ಟರು. ಶಾಲೆಗೂ ಅದೇ ಹೋಯಿತು.

ಹೊಸ ದನಿ ಕೇಳಿ ಹೆಂಡತಿ ನಕ್ಕರು. "ಒಳ್ಳೇ ನೆಗಡಿ ಆದವರ ಹಾಗೆ ಮಾತಾಡತ್ತೆ. ಇರ್ಲಿ ಬಿಡಿ. ತಪ್ಪು ಹೇಳಿದ್ರೆ ತಿದ್ದೋರಿದ್ದಾರೆ."

ರಿಪೇರಿಯವರು ಹಳೆಯ ದನಿಯನ್ನು ಮನೆಯ ಕಂಪ್ಯೂಟರಿನಿಂದ ತೆಗೆದುಹಾಕಿದರು.

ನೀವೂ ಇಂಥ ಗುಂಪಿನಲ್ಲಿದ್ದೀರಾ? ಹಾಗಾದರೆ ಏನನ್ನೇ ಸೇರಿಸುವ ಮೊದಲು ಲೈಸೆನ್ಸ್ ಓದಿ. ಮುಕ್ತವಲ್ಲದ್ದನ್ನು ಬೇರೆ ಇಡಿ, ಯಾಕೆಂದು ಬರೆದಿಡಿ. ನಿಮ್ಮ ಕಟ್ಟನ್ನು ನಂಬಿದವರೆಲ್ಲ ಅದರೊಳಗೆ ಇಣುಕಿ ನೋಡಲಾರರು. ಅವರ ಪರವಾಗಿ ನೋಡಬೇಕಾದವರು ನೀವು.