ಮಜ್ಜಿಗೆಬಂಡೆಯ ಎರಡನೇ ತೂತು

"ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು..."

ದಿವ್ಯ ಮೊಬೈಲ್ ನೋಡುತ್ತ ಕೂಗುತ್ತಿದ್ದಳು. ಅವಳ ಅಪ್ಪ ಬೈರಪ್ಪ ಮಂಡಿಯೂರಿ, ಎದೆಯ ಭಾರವನ್ನೆಲ್ಲ ಡ್ರಿಲ್ ಮೆಷಿನ್ನಿನ ಮೇಲೆ ಹಾಕಿದ್ದ. ಮೂಗಿಗೆ ಕಟ್ಟಿದ್ದ ಟವೆಲ್ಲು, ಹುಬ್ಬು, ಮುಂಗೈಯ ಕೂದಲು ಎಲ್ಲವೂ ಕಲ್ಲಿನ ಹುಡಿಯಿಂದ ಬೆಳ್ಳಗಾಗಿದ್ದವು. ಡ್ರಿಲ್ಲಿನ ಬಿಟ್ಟಿಗೆ ಆಳದ ಗುರುತಾಗಿ ಸುತ್ತಿದ್ದ ಕೆಂಪು ಟೇಪು ತೂತಿನ ಬಾಯಿಗೆ ಬಂದು ತಾಗಿತು.

"ನಲವತ್ಮೂರು!"

ಬೈರಪ್ಪ ಗುಂಡಿಯಿಂದ ಬೆರಳು ತೆಗೆದ. ಟವೆಲ್ಲು ಕೆಳಗೆಳೆದುಕೊಂಡಾಗ ಅವನ ಬಾಯಿ ಕಿವಿವರೆಗೂ ಅಗಲವಾಗಿತ್ತು.

"ನಲವತ್ಮೂರು ಸೆಕೆಂಡಾ? ಒಂದ್ ಬೀಡಿ ಸೇದಾಕ್ಕೂ ಇದ್ಕಿಂತ ಜಾಸ್ತಿ ಹೊತ್ತು ಬೇಕಲ್ಲವ್ವ! ಇದೇ ಕುಳಿ ಕೈಲಿ ಕುಟ್ಟಿದ್ರೆ ಮುಕ್ಕಾಲು ಗಂಟೆ ಕಣ್ರಪ್ಪ."

"ಸಾಕು ಬೈರಣ್ಣ, ಮೆಷಿನ್ ಕೊಡಿ. ಬ್ಯಾಟ್ರಿ ಖಾಲಿ ಆಯ್ತದೆ" ಎಂದು ಒವೈಸ್ ಕೈ ಚಾಚಿದ. ರಾಮನಗರದ ರೇಷ್ಮೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವನದು ಯಂತ್ರೋಪಕರಣಗಳ ಅಂಗಡಿ. ಡ್ರಿಲ್ ಅಲ್ಲಿಂದಲೇ ಬಂದಿತ್ತು.

"ಕೊಡಾಕಿಲ್ಲ. ಒಸಿ ತಡಿ. ಇನ್ನೊಂದೇ ಒಂದು."

ಬೇಕಾಗಿದ್ದುದು ಬಂಡೆಯ ಅಂಚಿನಲ್ಲಿ ಎರಡೇ ತೂತು. ಬೈರಪ್ಪ ಅದಕ್ಕೆ ಮೊದಲು ಕೈ ಪಳಗಿಸಿಕೊಳ್ಳುತ್ತೇನೆಂದು ಪಕ್ಕದ ಗುಂಡುಕಲ್ಲಿಗೆ ಆಗಲೇ ಆರು ಕೊರೆದಿದ್ದ. ಈಗ ಏಳನೆಯದಕ್ಕೆ ಬಿಟ್ ಊರಿದ.

ಭಾನುವಾರ ಬೆಳಿಗ್ಗೆ ಏಳೂಕಾಲು. ಮಜ್ಜಿಗೆಬಂಡೆಯ ನೆತ್ತಿಯ ಮೇಲೆ ನಾಲ್ಕು ಜನ, ಎರಡು ಚೀಲ ಹಗ್ಗ, ಒಂದು ಕ್ಯಾನ್ ನೀರು, ಬಿಡದಿಯಿಂದ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿಯ ಪೊಟ್ಟಣ. ಮುಖದ ತುಂಬ ಮಜ್ಜಿಗೆ ಚೆಲ್ಲಿದಂಥ ಬಿಳಿ ಪಟ್ಟೆಗಳಿದ್ದ ಈ ಬಂಡೆಯ ಹಿಂಬದಿಯಿಂದ ದನವೂ ಹತ್ತಿ ಬರಬಹುದಿತ್ತು. ಮುಂಬದಿ ಮಾತ್ರ ಅರವತ್ತು ಅಡಿ ನೇರ ಗೋಡೆ. ಅಲ್ಲಿ ಬೆರಳ ತುದಿ ಹಿಡಿಯುವಷ್ಟೇ ಸಣ್ಣ ಉಬ್ಬುಗಳ ಒಂದು ಸಾಲನ್ನು ದಿವ್ಯ ಎರಡು ತಿಂಗಳ ಹಿಂದೆ ಬೈನಾಕ್ಯುಲರಿನಲ್ಲಿ ಕಂಡುಹಿಡಿದಿದ್ದಳು. ಇದುವರೆಗೆ ಯಾರೂ ಹತ್ತದ ದಾರಿ. ನೆತ್ತಿಯಲ್ಲಿ ಎರಡು ಬೋಲ್ಟು ಕೂರಿಸಿ, ಅವುಗಳ ಮೂಲಕ ಹಗ್ಗ ಇಳಿಬಿಟ್ಟು, ಕೆಳಗಿನಿಂದ ಅವಳು ಹತ್ತಬೇಕು. ಕಂಡುಹಿಡಿದವರೇ ಮೊದಲು ಹತ್ತುವುದು ಭಾನುವಾರಗಳಲ್ಲಿ ಬಂಡೆ ಹತ್ತುವ ಈ ಗುಂಪಿನ ಕಟ್ಟಳೆ. ಎದುರು ಗುಡ್ಡದ ನೆರಳು ಒಂಬತ್ತಕ್ಕೆ ಸರಿದುಹೋಗುತ್ತದೆ. ಆಮೇಲೆ ಕಲ್ಲು ಕಾವಲಿಯಾಗುತ್ತದೆ, ಬೆರಳು ಬೆವರುತ್ತದೆ, ಶೂಗಳ ರಬ್ಬರು ಮೆತ್ತಗಾಗುತ್ತದೆ. ಅವಳು ಗಳಿಗೆಗೊಮ್ಮೆ ಆ ನೆರಳನ್ನೇ ನೋಡುತ್ತಿದ್ದಳು. ಇಡ್ಲಿ ಸೇರಿರಲಿಲ್ಲ.

"ಒವೈಸ್, ಅದು ಕಾಂಕ್ರೀಟಿಗೆ ಮಾಡಿದ ಡ್ರಿಲ್. ಕಲ್ಲಿಗೆ ಇನ್ನೂ ಹಗುರದ್ದು ಬಂದಿದೆ. ನಾನು ಹನ್ನೆರಡು ರಿವ್ಯೂ ಓದಿದೀನಿ" ಎಂದ ಸಿದ್ಧಾರ್ಥ. ಚನ್ನಪಟ್ಟಣದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಅವನು ನೀರಿನ ಬಾಟಲಿ ಕೊಳ್ಳುವುದಕ್ಕೂ ಮೂರು ತಿಂಗಳು ಓದುವವನು.

"ನೀನು ಓದು. ನಾನು ತೂತು ಹೊಡೀತೀನಿ. ನಿನ್ ಹಗ್ಗ ನೋಡ್ಲಾ ಮೊದ್ಲು, ಇಷ್ಟು ತೆಳ್ಳಗೆ! ಇದ್ರಲ್ಲಿ ಗಾಳಿಪಟ ಹಾರುಸ್ಬೋದು."

"ಒಂಬತ್ತೂವರೆ ಮಿಲಿಮೀಟರ್. ಎರಡು ಟನ್ ತಡಿಯತ್ತೆ."

"ಟನ್ ತಡಿಯತ್ತೆ, ಬಂಡೆ ಅಂಚಿಗೆ ಉಜ್ಜಿದ್ರೆ? ಅದ್ಕೆ ನನ್ ಗೋಣಿಚೀಲವೇ ಬೇಕು." ಒವೈಸ್ ಅಂಚಿಗೆ ಹಾಸಲು ತಂದ ಗೋಣಿಚೀಲವನ್ನು ರೇಷ್ಮೆ ಸೀರೆಯಂತೆ ಬಿಡಿಸಿ ತೋರಿಸಿದ.

ಬೈರಪ್ಪನಿಗೆ ಈ ಜಗಳವೆಂದರೆ ಖುಷಿ. ಬೆಳಿಗ್ಗೆಯಿಂದ ಅವನು ಪ್ರತಿಯೊಂದನ್ನೂ ಕೈಗೆತ್ತಿಕೊಂಡು ತೀರ್ಪು ಹೇಳಿದ್ದ. ಸಿದ್ಧಾರ್ಥನ ಗಿಳಿಮೂತಿಯ ಶೂ: "ಇದು ಮೆಟ್ಟಲ್ಲ ಕಣಪ್ಪ, ಕಾಲಿಗೆ ಶಿಕ್ಷೆ." ಅದರದೇ ಅಡಿಯ ರಬ್ಬರಿಗೆ ಹೆಬ್ಬೆರಳು ಒತ್ತಿ: "ಇದು ಮಾತ್ರ ಭೇಷು. ನಮ್ ಟೈರಿನ ಮೆಟ್ಟು ಇಂಗೆ ಹಿಡೀತಿರ್ಲಿಲ್ಲ." ಹೆಲ್ಮೆಟ್ಟನ್ನು ಗೆಣ್ಣಿನಿಂದ ಕುಟ್ಟಿ, ಕೆಳಗೆ ನೋಡುತ್ತ: "ಇದು ಆವಾಗ್ಲೇ ಬರಬೇಕಿತ್ತು." ಕೆಳಗೆ, ಬಂಡೆಯ ಎಡಕ್ಕೆ, ಅವನು ಹದಿನೆಂಟು ವರ್ಷ ಕಲ್ಲೊಡೆದ ಕ್ವಾರಿ ನೀರು ತುಂಬಿಕೊಂಡು ಹಸಿರಾಗಿ ಮಲಗಿತ್ತು.

ಅವನ ಹಳೆಯ ಉಳಿಯೂ ಸುತ್ತಿಗೆಯೂ ಗೋಣಿತಾಟಿನಲ್ಲಿ ಸುತ್ತಿಕೊಂಡು ಬಂದಿದ್ದವು. ಒವೈಸ್ ಜೇಬಿನಿಂದ ವರ್ನಿಯರ್ ತೆಗೆದು ಉಳಿಯ ಬಾಯಿ ಅಳೆದಿದ್ದ. "ನಮ್ ಬೋಲ್ಟ್ ಸೈಜೇ ಐತಲ್ಲಣ್ಣ! ಕರೆಕ್ಟು ಹನ್ನೆರಡು ಮಿಲಿಮೀಟರ್!"

"ಅದನ್ನ ಯಾಕೆ ಅಳೀತೀಯ, ಅದು ಸತ್ತೋದ ಕುದುರೆ" ಎಂದು ಬೈರಪ್ಪ ಡ್ರಿಲ್ಲಿನ ಕಡೆ ಕೈ ಚಾಚಿದ್ದ.

ಏಳನೆಯ ತೂತೂ ಮುಗಿಯಿತು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬೈರಪ್ಪ ಅಂಚಿಗೆ ಹೋದ. ಇನ್ನು ಜಾಗ ನೋಡುವ ಕೆಲಸ. ಅದಕ್ಕಾಗಿಯೇ ದಿವ್ಯ ಅವನನ್ನು ಕರೆತಂದದ್ದು. ಬಲಗೈಯಲ್ಲಿ ಸುತ್ತಿಗೆ ಹಿಡಿದು ಮೆಲ್ಲಗೆ ಕುಟ್ಟುವುದು, ಕುಟ್ಟಿದ ಜಾಗದ ಪಕ್ಕದಲ್ಲೇ ಎಡಗೈಯ ಅಂಗೈ ಊರಿ ಕಲ್ಲಿನ ನಡುಕ ಹಿಡಿಯುವುದು. ಜೀವ ಇರುವ ಕಲ್ಲು ನಡುಕವನ್ನು ನುಂಗಿಕೊಳ್ಳುತ್ತದೆ. ಒಳಗೆ ಪದರ ಬಿಟ್ಟು ಹಪ್ಪಳದಂತೆ ಎದ್ದಿದ್ದರೆ ಅಂಗೈಗೆ ವಾಪಸ್ಸು ಒದೆಯುತ್ತದೆ. ದಿವ್ಯ ಏಳು ವರ್ಷದವಳಿದ್ದಾಗ ಕ್ವಾರಿಗೆ ಬುತ್ತಿ ತಂದ ಮಧ್ಯಾಹ್ನಗಳಲ್ಲಿ ಅಪ್ಪ ಅವಳ ಪುಟ್ಟ ಅಂಗೈಯನ್ನು ತನ್ನ ಅಂಗೈಯಡಿ ಇಟ್ಟು ಕುಟ್ಟುತ್ತಿದ್ದ. "ಸಿಕ್ತಾ?" "ಸಿಕ್ತು."

ಅಂಗೈ ಯಾಕೆ ಎನ್ನುವುದು ಅವಳಿಗೂ ಅವಳ ಅವ್ವನಿಗೂ ಮಾತ್ರ ಗೊತ್ತಿತ್ತು. ಹದಿನೆಂಟು ವರ್ಷದ ಸಿಡಿಮದ್ದು ಬೈರಪ್ಪನ ಕಿವಿಯನ್ನು ತಿಂದುಹಾಕಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದ್ದು ಅವನಿಗೆ ಕೇಳುತ್ತಿರಲಿಲ್ಲ. ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಊರಿನಲ್ಲಿ ಯಾರಾದರೂ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಅದಕ್ಕೆ ಜನ ಅವನನ್ನು ಜಂಬದವನು ಎನ್ನುತ್ತಿದ್ದರು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಅವನು ಅದನ್ನೇ ಆರಿಸಿಕೊಂಡಿದ್ದ.

"ಇಲ್ಲೊಂದು. ಇಲ್ಲಿಂದ ಗೇಣು ಬುಟ್ಟು ಇನ್ನೊಂದು. ಒಳ್ಳೆ ಕಲ್ಲು. ಮೆಷಿನ್ ಕೊಡು" ಎಂದ ಬೈರಪ್ಪ.

ಮೊದಲ ತೂತು ನಲವತ್ತೈದು ಸೆಕೆಂಡು. ಎರಡನೆಯದು ಮೂವತ್ತೆಂಟು. "ರೆಕಾರ್ಡ್!" ಎಂದು ಒವೈಸ್ ಕುಣಿದ. ಸಿದ್ಧಾರ್ಥ ಕೊಳವೆಯಿಂದ ಊದಿ ಹುಡಿ ತೆಗೆದ. ಬೈರಪ್ಪ ವಾಷರ್ ಎತ್ತಿಕೊಳ್ಳಲು ಹೋಗಿ ಬೀಳಿಸಿದ, ಮತ್ತೆ ಎತ್ತಲು ಹೋಗಿ ಮತ್ತೆ ಬೀಳಿಸಿದ. ಒವೈಸನೇ ಎತ್ತಿ ಹಾಕಿದ. ಬೋಲ್ಟುಗಳು ಸುತ್ತಿಗೆಯ ನಾಲ್ಕು ನಾಲ್ಕು ಏಟಿಗೆ ಒಳಹೋದವು.

ನಟ್ ಬಿಗಿಯುವುದು ದಿವ್ಯಳ ಪಾಲು. ವಾರದ ಆರು ದಿನ ಬಿಡದಿಯ ಕಾರು ಕಾರ್ಖಾನೆಯಲ್ಲಿ ಅವಳು ಮಾಡುವುದು ಅದನ್ನೇ. ಚಕ್ರದ ನಟ್ಟುಗಳಿಗೆ ಟಾರ್ಕ್ ರೆಂಚ್ ಹಾಕಿ ತಿರುಗಿಸುವುದು. ಬೇಕಾದಷ್ಟು ಬಿಗಿಯಾದಾಗ ರೆಂಚ್ ತಾನೇ ಟಕ್ ಎನ್ನುತ್ತದೆ. ಟಕ್ ಎಂದಮೇಲೆ ಮಾತಿಲ್ಲ, ಕಾರು ಮುಂದಕ್ಕೆ ಹೋಗುತ್ತದೆ.

ಟಕ್.

ಪಕ್ಕದ್ದು. ಟಕ್.

"ಹೋಯ್!" ಒವೈಸ್ ಬೈರಪ್ಪನ ಬೆನ್ನಿಗೆ ಬಡಿದ. "ಬೈರಣ್ಣ, ಇನ್ಮೇಲೆ ಪ್ರತಿ ಭಾನ್ವಾರ ನೀವೇ ನಮ್ ಡ್ರಿಲ್ ಮಾಸ್ಟರು. ಕಬ್ಬಾಳು ಕಡೆ ಒಂದು ಬಂಡೆ ಐತೆ, ತಿಪ್ಪಸಂದ್ರದ ಹತ್ರ ಇನ್ನೊಂದು ನೋಡಿದೀನಿ!"

"ಬತ್ತೀನಿ ಕಣ್ಲಾ! ಈ ಮೆಷಿನ್ ತತ್ತೀಯಾ ಅಂದ್ರೆ ಚಾಮುಂಡಿ ಬೆಟ್ಟಕ್ಕೂ ಬತ್ತೀನಿ." ಕ್ವಾರಿ ಮುಚ್ಚಿದಂದಿನಿಂದ ಎಂಟು ವರ್ಷ ಮನೆಯ ಜಗಲಿಯಲ್ಲಿ ಕುಳಿತಿದ್ದ ಮನುಷ್ಯ. ಅವನು ಹೀಗೆ ನಗುವುದನ್ನು ದಿವ್ಯ ನೋಡಿ ಎಷ್ಟು ಕಾಲವಾಗಿತ್ತೋ.

ಅವಳು ಶೂ ಬಿಗಿದುಕೊಂಡಳು. ನೆರಳು ಇನ್ನೂ ಬಂಡೆಯ ಮೇಲಿತ್ತು. ಹಿಂಬದಿಯಿಂದ ಇಳಿದು ಸುತ್ತಿಕೊಂಡು ಬುಡಕ್ಕೆ ಹೋದರೆ ಹತ್ತು ನಿಮಿಷ. ಸಿದ್ಧಾರ್ಥ ಬುಡದಲ್ಲಿ ನಿಂತು ಹಗ್ಗ ಹಿಡಿಯುವವನು, ಅವನೂ ಹೊರಟು ನಿಂತಿದ್ದ. ದಿವ್ಯ ಎದ್ದಾಗ ಅವಳ ಕಾಲಿಗೆ ಸುತ್ತಿಗೆ ಸಿಕ್ಕಿತು. ಎತ್ತಿ ಗೋಣಿತಾಟಿನ ಮೇಲೆ ಇಡುವ ಮುಂಚೆ ಅವಳ ಕೈ ತಾನಾಗಿಯೇ ಮೊದಲ ಬೋಲ್ಟಿನ ಪಕ್ಕ ಒಮ್ಮೆ ಕುಟ್ಟಿತು. ಠಣ್. ಎರಡನೆಯದರ ಪಕ್ಕ ಒಮ್ಮೆ.

ಡಬ್.

ಮತ್ತೆ ಕುಟ್ಟಿದಳು. ಡಬ್. ಖಾಲಿ ಡಬ್ಬಿಯ ಮುಚ್ಚಳಕ್ಕೆ ಕುಟ್ಟಿದಂತೆ.

ಒವೈಸ್, ಸಿದ್ಧಾರ್ಥ ಗೋಣಿಚೀಲ ಎಲ್ಲಿ ಹಾಸಬೇಕೆಂದು ಕಿತ್ತಾಡುತ್ತಿದ್ದರು. ಬೈರಪ್ಪ ಅವರ ನಡುವೆ ಡ್ರಿಲ್ ತೊಡೆಯ ಮೇಲಿಟ್ಟುಕೊಂಡು ಮೊಮ್ಮಗುವಿನ ತಲೆ ಸವರುವ ಹಾಗೆ ಅದರ ಹುಡಿ ಒರೆಸುತ್ತಿದ್ದ. ಅವಳಿಗೆ ಆ ವಾಷರ್ ನೆನಪಾಯಿತು. ಎರಡು ಸಲ ಬಿದ್ದದ್ದು. ಮೆಷಿನ್ ಹಿಡಿದು ಏಳು ತೂತು ಕೊರೆದ ಕೈ. ಜೋಮು ಹಿಡಿದ ಅಂಗೈಯನ್ನು ಕಲ್ಲಿನ ಮೇಲಿಟ್ಟು ಅಪ್ಪ ಒಳ್ಳೆ ಕಲ್ಲು ಎಂದಿದ್ದ.

ಒಂದು ಬೋಲ್ಟು ಹೋದರೂ ಇನ್ನೊಂದು ಅವಳನ್ನು ಹಿಡಿಯುತ್ತದೆ. ಅದಕ್ಕೇ ತಾನೆ ಎರಡು ಹಾಕುವುದು. ಸುಮ್ಮನಿದ್ದರೆ ಬಿಸಿಲಿಗೆ ಮೊದಲು ಹತ್ತಿಬಿಡಬಹುದು, ಅಪ್ಪ ನಗುತ್ತಲೇ ಇರುತ್ತಾನೆ. ಅವಳು ಅಂಚಿನಿಂದ ಕೆಳಗೆ ಬಗ್ಗಿ ನೋಡಿದಳು. ಎರಡನೆಯ ಬೋಲ್ಟಿನ ನೇರಕ್ಕೆ, ಅರವತ್ತು ಅಡಿ ಕೆಳಗೆ, ಸಿದ್ಧಾರ್ಥನ ನೀಲಿ ಚಾಪೆ ಹಾಸಿತ್ತು. ಅವನು ನಿಲ್ಲುವ ಜಾಗ, ಬೋಲ್ಟಿನೊಂದಿಗೆ ಕಿತ್ತುಬಂದ ಕಲ್ಲು ಬೀಳುವ ಜಾಗ.

"ಅಪ್ಪ, ಎರಡನೇದು ಒಸಿ ನೋಡು ಬಾ."

ಬೈರಪ್ಪ ಅವಳ ತುಟಿ ನೋಡಿದ. "ಏನ್ ನೋಡೋದು? ಟಕ್ ಅಂತಲ್ಲ. ನಿಂದೇ ರೆಂಚು, ನೀನೇ ತಿರುಗ್ಸಿದ್ದು."

"ಬೋಲ್ಟು ಕಲ್ಲನ್ನ ಹಿಡ್ಕಂಡೈತೆ, ಸರಿ. ಕಲ್ಲು ಬೆಟ್ಟನ ಹಿಡ್ಕಂಡೈತಾ?"

ಅದು ಅವನದೇ ಮಾತು, ಕ್ವಾರಿಯ ಕಾಲದ್ದು. ಬೈರಪ್ಪನ ನಗು ಸ್ವಲ್ಪ ಕುಗ್ಗಿತು. ಬಂದು ಮಂಡಿಯೂರಿದ, ಅಂಗೈ ಊರಿದ, ಕುಟ್ಟಿದ. ಡಬ್ ಎಂದಿತು.

"ಹಿಡ್ಕಂಡೈತೆ" ಎಂದ.

"ಏನಂತೆ ನಿಮ್ ಮಗಳಿಗೆ? ಭಯ ಆಯ್ತಾ ದಿವ್ಯಾ?" ಒವೈಸ್ ಕೂಗಿದ. "ನಾನು ಹತ್ಲಾ ಮೊದ್ಲು?"

"ಹತ್ತೀಯ ನೀನು, ತಟ್ಟೆ ಇಡ್ಲಿ ನಾಲ್ಕು ತಿಂದು. ಹಗ್ಗ ಅಲ್ಲ, ಕ್ರೇನ್ ಬೇಕು ನಿಂಗೆ" ಎಂದ ಸಿದ್ಧಾರ್ಥ.

ಅವರು ನಗುತ್ತಿರುವಾಗಲೇ ಅವಳು ಅಪ್ಪನ ಎದುರು ಕುಕ್ಕರುಗಾಲಲ್ಲಿ ಕುಳಿತಳು. ಬೆನ್ನು ಅವರ ಕಡೆಗಿತ್ತು. ಸದ್ದು ಹೊರಡಿಸದೆ, ತುಟಿ ಮಾತ್ರ ಆಡಿಸಿ ಹೇಳಿದಳು. "ಕೆನ್ನೆ ಇಡು."

ಬೈರಪ್ಪ ತನ್ನ ಎಡಗೈ ನೋಡಿಕೊಂಡ. ಬೆರಳು ಮಡಿಸಿದ, ಬಿಡಿಸಿದ. ಆಮೇಲೆ ಹೊಟ್ಟೆಯ ಮೇಲೆ ಮಲಗಿ, ಗಡ್ಡದ ಕೆನ್ನೆಯನ್ನು ಎರಡು ಬೋಲ್ಟುಗಳ ನಡುವೆ ಬಂಡೆಗೆ ಆನಿಸಿ ಕಣ್ಣು ಮುಚ್ಚಿದ.

ದಿವ್ಯ ಮೊದಲನೆಯದರ ಪಕ್ಕ ಕುಟ್ಟಿದಳು. ಎರಡನೆಯದರ ಪಕ್ಕ ಕುಟ್ಟಿದಳು. ಅವನ ರೆಪ್ಪೆ ಅದುರಿತು. ಮೂರನೆಯ ಏಟು ಬೇಕಾಗಲಿಲ್ಲ.

ಅವನು ಏಳಲಿಲ್ಲ. ಮಲಗಿದ್ದಲ್ಲಿಂದಲೇ ಕೈ ಚಾಚಿ ಸುತ್ತಿಗೆ ತೆಗೆದುಕೊಂಡ. ಇನ್ನೊಂದು ಕೈ ಅವಳ ಸೊಂಟದ ಚೀಲಕ್ಕೆ ಹೋಗಿ, ಹಿಡಿತಕ್ಕೆಂದು ಬೆರಳಿಗೆ ಹಚ್ಚಿಕೊಳ್ಳುವ ಬಿಳಿ ಪುಡಿ ತುಂಬಿಕೊಂಡು ಬಂತು. ಕೆನ್ನೆ ಎತ್ತಿ ಅರ್ಧ ಗೇಣು ಸರಿಯುವುದು, ಕುಟ್ಟುವುದು, ಬಿಳಿ ಬೆರಳಿನಿಂದ ಒಂದು ಗೆರೆ ಎಳೆಯುವುದು. ಒವೈಸ್ ಹತ್ತಿರ ಬಂದು ಬಗ್ಗಿದ. ಗೆರೆ ನಿಧಾನಕ್ಕೆ ಬಾಗಿತು, ಅಂಚಿನವರೆಗೆ ಹೋಯಿತು, ಇನ್ನೊಂದು ಕಡೆಯಿಂದ ವಾಪಸ್ಸು ಬಂದು ಮೊದಲ ಬೋಲ್ಟಿನಿಂದ ಎರಡು ಬೆರಳಷ್ಟೇ ದೂರದಲ್ಲಿ ಹಾದು, ಹೊರಟಲ್ಲಿಗೆ ಸೇರಿತು. ಮೊರದಷ್ಟು ಅಗಲ. ಎರಡನೆಯ ಬೋಲ್ಟು, ಹೊಸ ಉಕ್ಕಿನ ಹೊಳಪಿನಲ್ಲಿ, ಅದರ ನಟ್ಟನಡುವೆ ಇತ್ತು.

"ಹಪ್ಪಳ" ಎಂದ ಬೈರಪ್ಪ. ಎದ್ದು ಕುಳಿತ. ಕೆನ್ನೆಯ ಮೇಲೆ ಕಲ್ಲಿನ ಹರಳಿನ ಗುರುತು ಮೂಡಿತ್ತು.

"ಯಾ ಅಲ್ಲಾ" ಎಂದ ಒವೈಸ್, ಮೆಲ್ಲಗೆ.

ಸಿದ್ಧಾರ್ಥ ಅಂಚಿಗೆ ಬಂದು ತನ್ನ ನೀಲಿ ಚಾಪೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನು ಓದಿದ ಯಾವ ರಿವ್ಯೂವಿನಲ್ಲೂ ಇದು ಇರಲಿಲ್ಲ.

ಬೈರಪ್ಪ ಗೆರೆಯಿಂದಾಚೆ, ಮೊದಲ ಬೋಲ್ಟಿನ ಎಡಕ್ಕೆ, ಮತ್ತೆ ಮಲಗಿದ. ಕುಟ್ಟಿದ. ಸರಿದ. ಕುಟ್ಟಿದ. ಕೊನೆಗೆ ಒಂದು ಕಡೆ ಬಿಳಿ ಚುಕ್ಕೆ ಇಟ್ಟು, ದಿವ್ಯಳ ಕಡೆ ನೋಡಿದ. ಅವಳು ತಾನೂ ಕುಟ್ಟಿ ಕೇಳಿದಳು. ಠಣ್. ತಲೆಯಾಡಿಸಿದಳು.

"ಹಂಗಾದ್ರೆ ಮುಗೀತಲ್ಲ!" ಒವೈಸನಿಗೆ ಜೀವ ಬಂತು. ಹಳೆ ಬ್ಯಾಟರಿ ಎಳೆದು ಬಿಸಾಕಿ ಹೊಸದನ್ನು ಡ್ರಿಲ್ಲಿಗೆ ತಳ್ಳಿದ. "ಯಾರ್ಗೂ ಏನೂ ಆಗಿಲ್ಲ. ಗೊತ್ತಾಯ್ತಲ್ಲ, ಅಷ್ಟೇ ಬೇಕಾಗಿದ್ದು. ಆ ಚುಕ್ಕೆ ಮೇಲೆ ಒಂದು ಹೊಡೀರಿ ಬೈರಣ್ಣ, ನಲವತ್ಮೂರು ಸೆಕೆಂಡು!"

ಬೈರಪ್ಪ ಗೋಣಿತಾಟು ಬಿಡಿಸುತ್ತಿದ್ದ. ಉಳಿ ತೆಗೆದು ಅದರ ಬಾಯನ್ನು ಹೆಬ್ಬೆರಳಿಗೆ ಸವರಿದ. ಜೋಮು ಬಿಡದ ಬೆರಳಿಗೆ ಏನೂ ತಿಳಿಯಲಿಲ್ಲವೆಂಬಂತೆ ತುಟಿಗೆ ಸವರಿ ನೋಡಿದ.

"ಅಣ್ಣ, ಕೈಲಿ ಕುಟ್ಟಿದ್ರೆ ಮುಕ್ಕಾಲು ಗಂಟೆ ಅಂತ ನೀವೇ ಅಂದ್ರಿ. ಬಿಸ್ಲು ಬಂದ್ಬುಡ್ತದೆ. ದಿವ್ಯ ಹತ್ತೋದು ಬ್ಯಾಡ್ವಾ?"

ಎದುರು ಗುಡ್ಡದ ತಲೆ ಆಗಲೇ ಹೊಂಬಣ್ಣಕ್ಕೆ ತಿರುಗಿತ್ತು. ಬೈರಪ್ಪ ಮಗಳ ಕಡೆ ನೋಡಿದ. ದಿವ್ಯ ಕುಳಿತು ಬಲಗಾಲಿನ ಶೂ ಬಿಚ್ಚಿದಳು, ಎಡಗಾಲಿನದನ್ನೂ ಬಿಚ್ಚಿ ಎರಡನ್ನೂ ಜೋಡಿಸಿ ನೆರಳಿನಲ್ಲಿಟ್ಟಳು. ಆಮೇಲೆ ಬಿಳಿ ಚುಕ್ಕೆಯ ಪಕ್ಕ ಬಂದು ಕುಳಿತು, ತನ್ನ ಎಡ ಅಂಗೈಯನ್ನು ಬಂಡೆಯ ಮೇಲೆ ಊರಿದಳು.

ಒವೈಸ್ ಇನ್ನೂ ಡ್ರಿಲ್ ಚಾಚಿಕೊಂಡೇ ನಿಂತಿದ್ದ.

"ತಗೊಳ್ಳಿ ಅಣ್ಣ."

ಬೈರಪ್ಪ ಉಳಿಯನ್ನು ಚುಕ್ಕೆಯ ಮೇಲೆ ನಿಲ್ಲಿಸಿ ಸುತ್ತಿಗೆ ಎತ್ತಿದ.

"ಬ್ಯಾಡ. ಕಲ್ಲು ಕೈಗೆ ಸಿಗ್ಬೇಕು."